ಇವರು ಯಾರು ಅಂತ ಫೋನ್ ಕೇಳಿತು

ಅಜ್ಜಿ ತೀರಿಕೊಂಡ ರಾತ್ರಿ ನನಗೆ ಸಿಕ್ಕ ಕೆಲಸ ಒಂದು ಫೋಟೋ ಹುಡುಕೋದು. ಮನೆಯಲ್ಲಿ ‘ಕಂಪ್ಯೂಟ್ರು ಓದಿದೋನು’ ನಾನೊಬ್ಬನೇ, ಹಾಗಾಗಿ ಇಂಥದ್ದೆಲ್ಲ ತಾನಾಗಿಯೇ ನನ್ನ ಪಾಲಿಗೆ ಬರುತ್ತೆ. ಬೆಳಿಗ್ಗೆ ಹಾರ ಹಾಕೋಕೆ ಒಂದು ಫ್ರೇಮ್ ಬೇಕು, ರಾತ್ರಿ ಹತ್ತರೊಳಗೆ ಕಳಿಸಿದ್ರೆ ಪ್ರಿಂಟ್ ಹಾಕಿಕೊಡ್ತೀನಿ ಅಂತ ಹುಣಸೂರಿನ ಸ್ಟುಡಿಯೋದವನು ಹೇಳಿದ್ದ. ಜಗಲಿ ಮೇಲೆ ಕೂತು ಗ್ಯಾಲರಿ ತೆರೆದೆ. ಹದಿನಾಲ್ಕು ಸಾವಿರ ಚಿಲ್ಲರೆ ಫೋಟೋ. ಟೀಮ್ ಔಟಿಂಗ್ ಇತ್ತು, ಬಿರಿಯಾನಿ ಇತ್ತು, ವೈಟ್‌ಬೋರ್ಡ್ ಇತ್ತು, ಪಾರ್ಕಿಂಗ್ ಕಂಬದ ನಂಬರ್ ಕೂಡ ಇತ್ತು. ಅಜ್ಜಿ ಇರಲಿಲ್ಲ.

ಇರಲಿಲ್ಲ ಅಂದ್ರೆ ತಪ್ಪಾಗುತ್ತೆ. ಅಜ್ಜಿಯ ಬೆನ್ನು ಇತ್ತು. ಸೆರಗು ಇತ್ತು. ಕ್ಯಾಮೆರಾಗೆ ಅಡ್ಡ ಹಿಡಿದ ಅಂಗೈ ಇತ್ತು, ಅದೂ ಏಳೆಂಟು ಫೋಟೋಗಳಲ್ಲಿ. ಎಂಬತ್ತು ದಾಟಿದ ಮೇಲೂ ಅಜ್ಜಿ ಫೋನ್ ಕಂಡರೆ ಮುಖ ತಿರುಗಿಸೋಳು. “ಮಕ ತೆಗೀಬ್ಯಾಡ ಕಣ್ಲಾ, ಆಯಸ್ಸು ಕಮ್ಮಿ ಆಯ್ತದೆ” ಅನ್ನೋಳು. ಇನ್ನೆಷ್ಟು ಆಯಸ್ಸು ಬೇಕು ನಿಂಗೆ ಅಂತ ನಾವು ರೇಗಿಸ್ತಿದ್ವಿ.

ಗ್ಯಾಲರಿಯಲ್ಲಿ ಮುಖಗಳನ್ನೆಲ್ಲ ಗುಂಪು ಮಾಡಿ ತೋರಿಸೋ ಜಾಗ ಒಂದಿದೆಯಲ್ಲ, ಅಲ್ಲಿಗೆ ಹೋದೆ. ಉರುಟು ಉರುಟು ಚಿತ್ರಗಳು. ಅಪ್ಪ, ಅಮ್ಮ, ತಂಗಿ, ಹಳೇ ರೂಮ್‌ಮೇಟು, ಎರಡು ಕಂಪನಿ ಹಿಂದಿನ ಮ್ಯಾನೇಜರ್. ತೀರಾ ಕೊನೆಯಲ್ಲಿ ಹೆಸರಿಲ್ಲದ ಒಂದು ಮುಖ. ಕೆಳಗೆ ಫೋನ್ ಕೇಳ್ತಿತ್ತು: ಇವರು ಯಾರು?

ಅದು ನಮ್ಮ ಹೊಲದ ಮಡಕೆ.

ಕರಿ ಮಡಕೆ, ಸುಣ್ಣದ ಎರಡು ಕಣ್ಣು, ಮೂಗು, ದೊಡ್ಡ ಮೀಸೆ. ಹಿಂದಿನ ಜುಲೈನಲ್ಲಿ ಮಳೆ ಬಂದು ಹೋದ ಮೇಲೆ ಹೊಗೆಸೊಪ್ಪಿನ ಹಸಿರು ಚೆನ್ನಾಗಿ ಕಾಣ್ತಿದೆ ಅಂತ ಸುಮ್ನೆ ನಾಲ್ಕು ಫೋಟೋ ಹೊಡೆದಿದ್ದೆ. ನಾಲ್ಕರಲ್ಲೂ ಬಿದಿರು ಗಳದ ತುದಿಯಲ್ಲಿ ಇದು ಕೂತಿತ್ತು. ಫೋನಿಗೆ ಇದೊಬ್ಬ ಮನುಷ್ಯ. ಅಜ್ಜಿ ಮನುಷ್ಯಳಲ್ಲ.

ನಗು ಬಂತು. ಒಳಗೆ ಅತ್ತೆಯರೆಲ್ಲ ಅಳ್ತಾ ಇದ್ದಾರೆ, ಹೊರಗೆ ನಾನು ಫೋನ್ ಹಿಡಿದು ನಗ್ತಾ ಇದ್ದೀನಿ. ಕೊನೆಗೆ ಬೇರೆ ದಾರಿ ಕಾಣದೆ ಅಜ್ಜಿಯ ಗುರುತಿನ ಚೀಟಿಯ ಫೋಟೋ ಕಳಿಸಿದೆ. ಹೆಬ್ಬೆರಳಿನ ಉಗುರಿನಷ್ಟು ಚಿತ್ರ. ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಸುಕ್ಕು ಅಳಿಸಿ, ಹಿಂದೆ ನೀಲಿ ಆಕಾಶ ಹಾಕಿ, ಕೊರಳಿಗೆ ಇಲ್ಲದ ಚಿನ್ನದ ಸರ ಹಾಕಿ ಕೊಟ್ಟ. ಬೆಳಿಗ್ಗೆ ಅದನ್ನು ನೋಡಿದ ದೊಡ್ಡತ್ತೆ ಒಂದು ನಿಮಿಷ ಅಳು ನಿಲ್ಲಿಸಿ, “ಇದ್ಯಾರ್ಲಾ ಇದು?” ಅಂದ್ರು. ಫೋನ್ ಕೇಳಿದ್ದೇ ಪ್ರಶ್ನೆ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ಅಂದ್ರೆ ಹೊಗೆಸೊಪ್ಪು ಅಂತ ಹೊರಗಿನವರಿಗೂ ಗೊತ್ತು. ಬೇಸಿಗೆ ಕೊನೇಲಿ ಸಸಿ ನಾಟಿ, ಮುಂಗಾರಲ್ಲಿ ಬೆಳೆದು, ಬ್ಯಾರನ್‌ನಲ್ಲಿ ಬೇಯಿಸಿ, ಆಮೇಲೆ ಮಾರ್ಕೆಟ್ಟಲ್ಲಿ ಬೇಲಿನ ಪಕ್ಕ ಕೈಕಟ್ಟಿ ನಿಂತು ಹರಾಜು ನೋಡೋದು. ನನ್ನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು ಈ ಸೊಪ್ಪೇ. ಸಿಗರೇಟು ಬಿಡ್ರೋ ಅಂತ ಆಫೀಸಿನ ಗೆಳೆಯರಿಗೆ ಉಪದೇಶ ಮಾಡೋ ಮುಂಚೆ ನನಗಿದು ನೆನಪಾಗಿ ಬಾಯಿ ಮುಚ್ಚಿಕೊಳ್ತೀನಿ.

ಸಸಿ ಮೊಣಕಾಲೆತ್ತರ ಬಂದಾಗ ಅಜ್ಜಿ ಮಡಕೆ ಕಟ್ಟೋಳು. ನಾನು ಚಿಕ್ಕವನಿದ್ದಾಗ ಅದು ಹಕ್ಕಿ ಓಡಿಸೋಕೆ ಅಂದ್ಕೊಂಡಿದ್ದೆ. ಆದರೆ ಹೊಗೆಸೊಪ್ಪನ್ನು ಯಾವ ಹಕ್ಕಿ ತಿನ್ನುತ್ತೆ? ಹಸು ಕೂಡ ಮೂಸಿ ಪಕ್ಕಕ್ಕೆ ಹೋಗುತ್ತೆ. ಮಡಕೆ ಇದ್ದದ್ದು ಮನುಷ್ಯರಿಗೆ. ದಾರೀಲಿ ಹೋಗೋರ ಕಣ್ಣು ಮೊದಲು ಬೆಳೆ ಮೇಲೆ ಬೀಳಬಾರದು, ಮಡಕೆ ಮೇಲೆ ಬೀಳಬೇಕು. ಬೆಂಗಳೂರಲ್ಲಿ ಕಟ್ಟೋ ಪ್ರತಿ ಬಿಲ್ಡಿಂಗ್ ಮುಂದೆ ನಾಲಿಗೆ ಚಾಚಿದ ರಾಕ್ಷಸನ ಮುಖ ನೇತಾಡುತ್ತಲ್ಲ, ಅದರ ಹಳ್ಳಿ ಸೋದರಸಂಬಂಧಿ ಇದು.

ಅಜ್ಜಿ ಹೊಸ ಮಡಕೆ ತರ್ತಿರಲಿಲ್ಲ. ಒಲೆ ಮೇಲೆ ವರ್ಷಗಟ್ಟಲೆ ಬೆಂದು, ಬಿರುಕು ಬಿಟ್ಟು, ಇನ್ನು ನೀರು ನಿಲ್ಲಲ್ಲ ಅಂತಾದ ಮಡಕೆಗೇ ಈ ಬಡ್ತಿ. ಮಸಿ ಹಿಡಿದು ಅದು ಮೊದಲೇ ಕರ್ರಗಿರೋದು. ಬಟ್ಟಲಲ್ಲಿ ಸುಣ್ಣ ಕಲಸಿ, ಬೇವಿನ ಕಡ್ಡಿ ಜಗಿದು ಕುಂಚ ಮಾಡಿಕೊಂಡು, ಮಡಕೆಯನ್ನು ತೊಡೆ ಮೇಲೆ ಬೋರಲು ಹಾಕಿ ಕೂರೋಳು. ಮೊದಲು ಎರಡು ಕಣ್ಣು. ಆಮೇಲೆ ಹುಬ್ಬಿನಿಂದ ಇಳಿದು ಬರೋ ಮೂಗು. ಕೊನೆಗೆ ಮೀಸೆ. ಮೀಸೆಗೆ ಬಹಳ ಹೊತ್ತು ಹಿಡೀತಿತ್ತು. ಎಡಗಡೆ ತುದಿ ಮೇಲಕ್ಕೆ, ಬಲಗಡೆದು ಸ್ವಲ್ಪ ಕೆಳಕ್ಕೆ. ಆಮೇಲೆ ಎಡಗಣ್ಣಿನ ಕೆಳಗೆ ಬೆರಳಿಂದ ಒಂದು ಬೊಟ್ಟು. ನಾನೂ ತಂಗಿಯೂ ಕೋರೆ ಹಲ್ಲು ಬರಿ, ನಾಲಿಗೆ ಬರಿ ಅಂತ ಗಲಾಟೆ ಮಾಡ್ತಿದ್ವಿ. ಒಂದು ಸಲ ಅವಳು ಒಳಗೆ ಹೋದಾಗ ನಾನೇ ಒಂದು ನಾಲಿಗೆ ಬರೆದೆ. ಬಂದವಳು ಸೆರಗಿನಿಂದ ಒರೆಸಿ ಹಾಕಿದಳು. ಬೈಯಲಿಲ್ಲ, ಏನೂ ಹೇಳಲಿಲ್ಲ. ಬೈಯದೇ ಇದ್ದದ್ದಕ್ಕೇ ಅದು ಇವತ್ತಿಗೂ ನೆನಪಿದೆ.

ನಮ್ಮ ಕಡೆ ಹೂಳೋರೂ ಇದ್ದಾರೆ, ಸುಡೋರೂ ಇದ್ದಾರೆ. ನಮ್ಮ ಮನೆಯಲ್ಲಿ ಸುಡೋದು. ಅಪ್ಪ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಮೂರು ಸುತ್ತು ಬಂದ್ರು, ಸುತ್ತಿಗೊಂದರಂತೆ ಮಡಕೆಗೆ ತೂತು ಮಾಡಿದ್ರು, ಕೊನೆಗೆ ಹಿಂದಕ್ಕೆ ಎತ್ತಿ ಹಾಕಿ ತಿರುಗಿ ನೋಡದೆ ನಡೆದ್ರು. ಒಡೆದ ಸದ್ದು ನನಗೆ ಕೇಳಿಸಿತು. ಅದು ಗ್ರಂಥಿಗೆ ಅಂಗಡಿಯಲ್ಲಿ ಸಾವಿನ ಸಾಮಾನಿನ ಜೊತೆಗೇ ಕೊಡೋ ಮಡಕೆ. ಬಟ್ಟೆ, ಬಿದಿರು, ಊದುಬತ್ತಿ, ಎರಡು ಮಡಕೆ, ಎಲ್ಲ ಒಂದೇ ರೇಟು. ಒಂದು ಒಡೆಯೋಕೆ, ಇನ್ನೊಂದು ಅಸ್ಥಿಗೆ.

ಆ ಇನ್ನೊಂದು ನನ್ನ ತೊಡೆ ಮೇಲೆ ಕೂತು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯವರೆಗೆ ಬಂತು. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತೆ, 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನೂ ಅಲ್ಲೇ ಬಿಟ್ಟಿದ್ದು. ಕಾರಲ್ಲಿ ಅಪ್ಪ ಮುಂದೆ, ನಾನು ಹಿಂದೆ. ಮಡಕೆಯ ಬಾಯಿಗೆ ಕೆಂಪು ಬಟ್ಟೆ ಕಟ್ಟಿತ್ತು. ರಸ್ತೆಯ ಹಂಪ್ ಬಂದಾಗಲೆಲ್ಲ ಎರಡೂ ಕೈಯಿಂದ ಹಿಡ್ಕೊಳ್ತಿದ್ದೆ. ಯಾರಾದ್ರೂ ತೊಡೆ ಮೇಲೆ ತಲೆಯಿಟ್ಟು ಮಲಗಿದ್ರೆ ಹೇಗೆ ಹಿಡಿದುಕೊಳ್ತೀವೋ ಹಾಗೆ. ಬಿಳಿಕೆರೆ ಹತ್ತಿರ ಆಫೀಸಿನಿಂದ ಕಾಲ್ ಬಂತು. ರಜೆ ಹಾಕಿದ್ದು ಹೊಸಬನಿಗೆ ಗೊತ್ತಿರಲಿಲ್ಲ. ಮ್ಯೂಟ್‌ನಲ್ಲಿ ಅರ್ಧ ಮೀಟಿಂಗ್ ಕೇಳಿದೆ, ಒಂದು ಕೈ ಮಡಕೆ ಮೇಲೆ ಇಟ್ಕೊಂಡು. ಅದಕ್ಕೆ ಈಗಲೂ ನಾಚಿಕೆ ಆಗುತ್ತೆ.

ನೀರಲ್ಲಿ ಬಿಟ್ಟಾಗ ಮಡಕೆ ತಕ್ಷಣ ಮುಳುಗಲಿಲ್ಲ. ಓರೆಯಾಗಿ ಸ್ವಲ್ಪ ದೂರ ಹೋಗಿ, ಬಾಯಿ ತುಂಬಿ, ಹೋಯ್ತು.

ಇಷ್ಟಕ್ಕೇ ಮುಗಿದಿದ್ರೆ ನಾನು ಇದನ್ನು ಬರೀತಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿ ಮೂರು ವಾರಕ್ಕೆ ಲಂಡನ್‌ಗೆ ಕಳಿಸಿತು. ಒಂದು ಭಾನುವಾರ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ನಿಂದ ರೈಲು ಹತ್ತಿ ಕಾಲ್ಚೆಸ್ಟರ್ ಅನ್ನೋ ಊರಿಗೆ ಹೋದೆ. ದೊಡ್ಡ ಇತಿಹಾಸದ ಆಸಕ್ತಿಯೇನೂ ಅಲ್ಲ. ಟಿಕೆಟ್ ಅಗ್ಗ ಇತ್ತು, ಕೋಟೆ ಇದೆ ಅಂದ್ರು. ರೋಮನ್ನರು ಬ್ರಿಟನ್‌ನಲ್ಲಿ ಮೊದಲು ರಾಜಧಾನಿ ಮಾಡಿಕೊಂಡ ಊರದು. ಕ್ಲಾಡಿಯಸ್ ಚಕ್ರವರ್ತಿಯ ದೇವಸ್ಥಾನದ ತಳಪಾಯದ ಮೇಲೇ ನಾರ್ಮನ್ನರು ಕೋಟೆ ಎಬ್ಬಿಸಿದ್ದಾರೆ, ಈಗ ಅದು ಮ್ಯೂಸಿಯಂ. ಗಾಜಿನ ಪೆಟ್ಟಿಗೆಗಳನ್ನು ದಾಟಿಕೊಂಡು ಹೋಗ್ತಾ ಇದ್ದವನು ಒಂದು ಕಡೆ ನಿಂತುಬಿಟ್ಟೆ.

ಮಡಕೆ. ಅದಕ್ಕೊಂದು ಮುಖ.

ಸುಣ್ಣದಲ್ಲಿ ಬರೆದದ್ದಲ್ಲ. ಮಡಕೆ ಹಸಿ ಇದ್ದಾಗಲೇ ಮಣ್ಣಿನ ಎಳೆ ಅಂಟಿಸಿ ಮಾಡಿದ ಹುಬ್ಬು, ಆ ಹುಬ್ಬಿನ ಮಧ್ಯದಿಂದಲೇ ಇಳಿದ ಮೂಗು, ಕಾಫಿ ಬೀಜದಂತೆ ನಡುವೆ ಸೀಳಿದ ಕಣ್ಣು, ಸಣ್ಣ ಬಾಯಿ. ಕೈ ಇಲ್ಲ, ಕಾಲಿಲ್ಲ, ದೇಹವೆಲ್ಲ ಹೊಟ್ಟೆ. ಸ್ವಲ್ಪ ಆಶ್ಚರ್ಯ, ಸ್ವಲ್ಪ ನಿದ್ದೆಗಣ್ಣು. ಅದರೊಳಗೆ ಸುಟ್ಟ ಮೂಳೆ ತುಂಬಿ ಹೂಳ್ತಿದ್ರು.

ಒಳಗೆ ಅಸ್ಥಿ ಇಟ್ಟು ಹೊರಗೆ ಮುಖ ಕೊಡೋದು! ಎಂಟೊಂಬತ್ತು ತಿಂಗಳ ಹಿಂದೆ ತೊಡೆ ಮೇಲೆ ಒಂದು ಮಡಕೆ ಇಟ್ಟುಕೊಂಡು ಅರವತ್ತು ಕಿಲೋಮೀಟರ್ ಕೂತಿದ್ದವನಿಗೆ ಅದನ್ನು ನೋಡಿದಾಗ ಕೈ ಹೇಗೋ ಆಯ್ತು. ಕೈಗೆ ಆ ಉರುಟು ನೆನಪಿತ್ತು.

ರೂಮಿಗೆ ಬಂದು ಓದೋಕೆ ಶುರು ಮಾಡಿದೆ. ಹಾಳಾದ ನಿದ್ದೆ ಒಂದು ವಾರದ್ದು. ಗಿಲಿಯನ್ ಬ್ರೈತ್‌ವೇಟ್ ಅನ್ನೋ ವಿದುಷಿ ಈ ಮಡಕೆಗಳ ಮೇಲೇ ಒಂದು ದಪ್ಪ ಪುಸ್ತಕ ಬರೆದಿದ್ದಾರೆ, 2007ರಲ್ಲಿ ಬಂದದ್ದು. ಇಟಲಿಯಿಂದ ಹಿಡಿದು ರೈನ್ ನದಿ ದಂಡೆ, ಡ್ಯಾನ್ಯೂಬ್, ಬ್ರಿಟನ್ ತನಕ ಇಂಥವು ಸಿಕ್ಕಿವೆ. ಹೆಚ್ಚಾಗಿ ಸೈನ್ಯ ಬೀಡುಬಿಟ್ಟ ಕಡೆ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್‌ಗೆ ಬಂದ ಮೇಲೆ ಅದರ ಹಿಂದೆಯೇ ಈ ಮುಖಗಳೂ ಕಡಲು ದಾಟಿದವು. ಎಲ್ಲವೂ ಸಮಾಧಿಗೇ ಅಂತ ಮಾಡಿದವಲ್ಲ, ಮನೆಗಳ ಜಾಗದಲ್ಲಿ, ಕಸದ ಗುಂಡಿಗಳಲ್ಲೂ ಚೂರುಗಳು ಸಿಕ್ಕಿವೆ. ಅಂದ್ರೆ ಇವು ಬದುಕಿದ್ದವರ ನಡುವೆ ಇದ್ದು, ಕೆಲವು ಸತ್ತವರ ಜೊತೆ ಹೋದವು. ಕೆಟ್ಟದ್ದನ್ನು ಹೆದರಿಸಿ ಓಡಿಸೋಕೆ ಈ ಮುಖ ಅನ್ನೋರಿದ್ದಾರೆ, ಯಾವುದೋ ದೇವರ ಮುಖ ಅನ್ನೋರಿದ್ದಾರೆ. ಹೆದರಿಸೋಕೆ ಅನ್ನೋ ಮಾತು ಓದಿದಾಗ ನಮ್ಮ ಹೊಲದ ಗಳ ಕಣ್ಣಿಗೆ ಬಂತು. ಆದರೆ ಕಾಲ್ಚೆಸ್ಟರಿನ ಆ ಮುಖ ಯಾರನ್ನೂ ಹೆದರಿಸೋ ಹಾಗಿರಲಿಲ್ಲ. ನಮ್ಮದೂ ಇರಲಿಲ್ಲ.

ಯಾರ್ಕ್ ಊರಿನವು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಇಡೀ ಮಡಕೆಯೇ ಒಂದು ತಲೆ. ಹೆಂಗಸಿನ ತಲೆಯಾದರೆ ಅಲೆ ಅಲೆ ಕೂದಲು ಬಾಚಿ ಹಿಂದೆ ಕಟ್ಟಿದ ಶೈಲಿ, ಜೂಲಿಯಾ ಡೊಮ್ನಾ ಅನ್ನೋ ರಾಣಿಯದಂತೆ. ಅವಳ ಗಂಡ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ 211ರಲ್ಲಿ ಯಾರ್ಕ್‌ನಲ್ಲೇ ಸತ್ತಿದ್ದು. ರೋಮಿನ ದೊಡ್ಡ ಮನೆತನದವರ ರೀತಿಯೇ ಬೇರೆ. ಹಿರಿಯರ ಮುಖವನ್ನು ಮೇಣದಲ್ಲಿ ಮಾಡಿಸಿ ಹಜಾರದಲ್ಲಿ ಇಟ್ಟುಕೊಳ್ತಿದ್ರು, ಮನೆಯಲ್ಲಿ ಸಾವಾದಾಗ ಆ ಮುಖಗಳನ್ನು ಹಾಕ್ಕೊಂಡು ಜನ ಮೆರವಣಿಗೆಯಲ್ಲಿ ನಡೀತಿದ್ರು ಅಂತ ಪಾಲಿಬಿಯಸ್ ಬರೆದಿದ್ದಾನೆ. ಸತ್ತ ಅಜ್ಜಂದಿರೆಲ್ಲ ಮೊಮ್ಮಗನ ಸಾವಿಗೆ ನಡ್ಕೊಂಡು ಬಂದಂತೆ! ಸಾಮಾನ್ಯ ಸಿಪಾಯಿಗೆ ಮೇಣ ಎಲ್ಲಿಂದ ಬರಬೇಕು. ಅವನಿಗೆ ಕುಂಬಾರ ಅಂಟಿಸಿದ ಹುಬ್ಬು, ಮೂಗು. ಇದು ನನ್ನ ಊಹೆ, ಯಾವ ವಿದ್ವಾಂಸರ ತಲೆಗೂ ಕಟ್ಟಬೇಡಿ.

ನಮ್ಮ ಕಡೆ ಇಂಥದ್ದು ಇದೆಯಾ ಅಂತ ಹುಡುಕಿದೆ. ಮಡಕೆ ಬೇಕಾದಷ್ಟಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಚಪ್ಪಡಿ ಕಲ್ಲಿನ ಗೋರಿಗಳು ಬಂದವು. ಒಂದು ಪಕ್ಕದ ಚಪ್ಪಡಿಯಲ್ಲಿ ಉರುಟು ಕಿಂಡಿ, ಒಳಗೆ ಆರಿಸಿ ಇಟ್ಟ ಮೂಳೆ, ಸುತ್ತ ಮಡಕೆ. ಒಳಗೆ ಕಪ್ಪು, ಹೊರಗೆ ಕೆಂಪು ಇರೋ ನುಣುಪು ಮಡಕೆಗಳು. ನಮ್ಮ ಜಿಲ್ಲೆಯ ತಿ. ನರಸೀಪುರದಲ್ಲಿ ಅದಕ್ಕೂ ಹಿಂದಿನ, ನವಶಿಲಾಯುಗದ ನೆಲೆ ಇದೆ. ಎಂ. ಶೇಷಾದ್ರಿ ಅವರು ಅಗೆಸಿದ್ದು. ಅಲ್ಲಿ ಸುಟ್ಟ ಮಣ್ಣಿನ ತಲೆದಿಂಬು ಸಿಕ್ಕಿದೆ. ತಲೆದಿಂಬು! ಮುಖ ಮಾಡಲಿಲ್ಲ, ತಲೆಯಿಡೋ ಜಾಗ ಮಾಡಿದ್ರು. ಬೃಹತ್ ಶಿಲಾಯುಗದ ಗೋರಿ ಮಡಕೆಗಳ ಮೇಲೆ ಎಷ್ಟೋ ಕಡೆ ಚೂಪಾದ ಯಾವುದರಿಂದಲೋ ಗೀರಿದ ಗುರುತುಗಳಿವೆ. ಅಡ್ಡ ಗೀಟು, ಬಾಣದ ತುದಿ, ಏಣಿಯಂಥದ್ದು. ಮುಖ ಮಾತ್ರ ಇಲ್ಲ.

ತೀರಾ ಹತ್ತಿರ ಬರೋದು ನೀಲಗಿರಿ. ಎಚ್.ಡಿ. ಕೋಟೆಯಿಂದ ಆ ಕಡೆ ಕಾಡು ದಾಟಿದರೆ ಸಿಗೋ ಅದೇ ಬೆಟ್ಟ, ನಮ್ಮ ಬಡಗರು ಇರೋ ಬೆಟ್ಟ. ಅಲ್ಲಿಯ ಕಲ್ಲುಗುಪ್ಪೆಯ ಸಮಾಧಿಗಳಲ್ಲಿ ಎತ್ತರದ ಮಡಕೆಗಳು ಸಿಕ್ಕವು, ಮುಚ್ಚಳದ ಮೇಲೆ ಮಣ್ಣಿನ ಗೊಂಬೆ. ಎಮ್ಮೆ, ಕುದುರೆ, ಕೆಲವದರ ಮೇಲೆ ಮನುಷ್ಯ. ನೀಲಗಿರಿಯ ಕಮಿಷನರ್ ಆಗಿದ್ದ ಬ್ರೀಕ್ಸ್ ಇವನ್ನು ಅಗೆಸಿ ಬರೆದ ಪುಸ್ತಕ 1873ರಲ್ಲಿ ಬಂತು, ಅವನು ಸತ್ತ ಮೇಲೆ. ಬ್ರಿಟಿಷ್ ಮ್ಯೂಸಿಯಂನಲ್ಲೂ ಚೆನ್ನೈ ಮ್ಯೂಸಿಯಂನಲ್ಲೂ ಅವು ಇವೆ. ತಮಿಳುನಾಡಿನ ತುದಿಯ ಆದಿಚ್ಚನಲ್ಲೂರಿನಲ್ಲಂತೂ ಹೆಣವನ್ನೇ ಇಡುವಷ್ಟು ದೊಡ್ಡ ಹರವಿಗಳು.

ರೋಮಿನವರಿಗೆ ನಮ್ಮ ಸೀಮೆ ಗೊತ್ತಿರಲಿಲ್ಲ ಅಂತಲ್ಲ. ಎರಡನೇ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ‘ಪೌನ್ನಾಟ’ ಅಂತ ಒಂದು ಜಾಗ ಹೇಳ್ತಾನೆ, ಅಲ್ಲಿ ವೈಡೂರ್ಯದಂಥ ಬೆರಿಲ್ ಕಲ್ಲು ಸಿಗುತ್ತೆ ಅಂತ. ಅದು ನಮ್ಮ ಪುನ್ನಾಟ ರಾಜ್ಯ, ಅದರ ರಾಜಧಾನಿ ಕೀರ್ತಿಪುರ ಅಂದ್ರೆ ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ದಂಡೆಯ ಕಿತ್ತೂರು ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ದೊಡ್ಡತ್ತೆಯನ್ನು ಕೊಟ್ಟಿರೋ ತಾಲ್ಲೂಕು. ಇಲ್ಲಿಂದ ಕಲ್ಲು ಹೋಯ್ತು, ಅಲ್ಲಿಂದ ನಾಣ್ಯ ಬಂತು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ, ಅದರ ಮೇಲೆ ಚಕ್ರವರ್ತಿಯ ಮುಖ. ಮುಖ ಬಂತು, ಮಡಕೆ ಮೇಲೆ ಕೂರಲಿಲ್ಲ.

ಯಾಕೆ ಅಂತ ಯೋಚಿಸ್ತಾ ಇದ್ದೆ. ಮಡಕೆಯನ್ನು ದೇಹ ಅನ್ನೋಕೆ ನಮಗಿಂತ ಬೇರೆ ಯಾರು ಬೇಕು? ಮಡಕೆಗೆ ಬಾಯಿ ಅಂತೀವಿ, ಕತ್ತು ಅಂತೀವಿ, ಹೊಟ್ಟೆ ಅಂತೀವಿ. ಕಲಶಕ್ಕೆ ಕಾಯಿ ಇಟ್ಟು, ಬೆಳ್ಳಿ ಮುಖ ಕಟ್ಟಿ, ಸೀರೆ ಉಡಿಸಿ ವರಮಹಾಲಕ್ಷ್ಮಿ ಅಂತ ಕೂರಿಸ್ತೀವಿ. ಆ ಶುಕ್ರವಾರ ನನ್ನ ಆಫೀಸ್ ಗ್ರೂಪ್‌ನಲ್ಲಿ ಬರೋ ಫೋಟೋಗಳಲ್ಲೆಲ್ಲ ಅದೇ ಮುಖ, ಈಗ ಆನ್‌ಲೈನಲ್ಲಿ ಸೈಜ್ ಪ್ರಕಾರ ಸಿಗುತ್ತೆ. ಅಂದ್ರೆ ಇರಬೇಕಾದ್ದಕ್ಕೆ, ಕಾಯಬೇಕಾದ್ದಕ್ಕೆ ನಾವು ಮುಖ ಕೊಡ್ತೀವಿ. ಹೋಗಬೇಕಾದ್ದಕ್ಕೆ ಕೊಡಲ್ಲ. ಅದಕ್ಕೆ ತೂತು ಮಾಡಿ, ಒಡೆದು, ತಿರುಗಿ ನೋಡದೆ ಬರ್ತೀವಿ. ಮುಖ ಇದ್ದಿದ್ರೆ ಅಪ್ಪ ಅದನ್ನು ಹಿಂದಕ್ಕೆ ಎತ್ತಿ ಹಾಕ್ತಿದ್ರಾ?

ಮುಖ ಅಂದ್ರೆ ಏನು ಅನ್ನೋದು ನನಗೆ ಅರ್ಧಂಬರ್ಧ ಗೊತ್ತು. ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ನಾವು ನಾಲ್ವರು ಮುಖ ಪತ್ತೆ ಮಾಡೋ ಪ್ರೋಗ್ರಾಂ ಬರೆದಿದ್ವಿ. ಬರೆದಿದ್ವಿ ಅಂದ್ರೆ, ವಯೋಲಾ ಮತ್ತು ಜೋನ್ಸ್ ಅನ್ನೋರು 2001ರಲ್ಲಿ ಕೊಟ್ಟ ವಿಧಾನವನ್ನು ಇಳಿಸಿಕೊಂಡು ಹೆಸರು ಹಾಕ್ಕೊಂಡಿದ್ವಿ. ಅದಕ್ಕೆ ಕಣ್ಣು ಮೂಗು ಏನೂ ಗೊತ್ತಿಲ್ಲ. ಕಣ್ಣಿನ ಪಟ್ಟಿ ಕೆನ್ನೆಗಿಂತ ಕಪ್ಪು, ಮೂಗಿನ ಸೇತುವೆ ಎರಡೂ ಕಣ್ಣಿಗಿಂತ ಬೆಳಕು, ಇಂಥ ಸಣ್ಣ ಸಣ್ಣ ಲೆಕ್ಕಗಳನ್ನು ಒಂದರ ಹಿಂದೆ ಒಂದು ಪಾಸಾದರೆ ಅದು ಮುಖ. ಈಗಿನ ಫೋನುಗಳಲ್ಲಿ ಇರೋದು ಇದಕ್ಕಿಂತ ಬಹಳ ಮುಂದುವರಿದದ್ದು, ಆದರೂ ಮಡಕೆ ನೋಡಿ ಮೋಸ ಹೋಗುತ್ತೆ. ಮೋಸ ಅಂತ ಯಾಕನ್ನಬೇಕು. ಕಾಲ್ಚೆಸ್ಟರಿನ ಕುಂಬಾರನಿಗೂ ಅಷ್ಟೇ ಗೊತ್ತಿತ್ತು: ಎರಡು ಹುಬ್ಬು, ಒಂದು ಮೂಗು, ಸಾಕು, ಉಳಿದದ್ದನ್ನು ನೋಡೋನು ಹಾಕ್ಕೊಳ್ತಾನೆ.

ಜನವರಿಯಲ್ಲಿ ಅಜ್ಜಿಯ ವರ್ಷದ ಕಾರ್ಯ ಆಯ್ತು. ಊಟ ಆದ ಮೇಲೆ ದೊಡ್ಡತ್ತೆ, ಚಿಕ್ಕತ್ತೆ, ಅಮ್ಮ ಎಲ್ಲ ಹಜಾರದಲ್ಲಿ ಎಲೆಅಡಿಕೆ ಹಾಕ್ತಾ ಕೂತಿದ್ರು. ಗೋಡೆ ಮೇಲೆ ನೀಲಿ ಆಕಾಶದ, ಚಿನ್ನದ ಸರದ ಅಜ್ಜಿ. ನಾನು ಫೋನಲ್ಲಿ ಕಾಲ್ಚೆಸ್ಟರಿನ ಮಡಕೆ ತೋರಿಸಿದೆ. ಒಳಗೆ ಮೂಳೆ ಇಡ್ತಿದ್ರು ಅಂದಾಗ ಚಿಕ್ಕತ್ತೆ “ಥೂ” ಅಂದ್ರು. ಆಮೇಲೆ ಬೆರಳು ಸರಿಸಿ ನಮ್ಮ ಹೊಲದ ಮಡಕೆ ತೋರಿಸಿದೆ, ಫೋನ್ ಇದನ್ನ ಯಾರು ಅಂತ ಕೇಳುತ್ತೆ ನೋಡಿ ಅಂತ ನಗಿಸೋಕೆ.

ದೊಡ್ಡತ್ತೆ ನಗಲಿಲ್ಲ. ಫೋನ್ ಇಸ್ಕೊಂಡು, ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದ್ರು.

“ನಮ್ಮಪ್ಪ ಕಣೋ” ಅಂದ್ರು.

ಅಜ್ಜ ಹೋದಾಗ ದೊಡ್ಡತ್ತೆಗೆ ಹದಿನಾಲ್ಕು, ಅಪ್ಪನಿಗೆ ಆರು. ಅಜ್ಜನ ಫೋಟೋ ಇಲ್ಲ. ಒಂದೂ ಇಲ್ಲ. ಮದುವೇಲಿ ತೆಗೆಸಿರಲಿಲ್ಲ, ಆಮೇಲೆ ತೆಗೆಸೋ ಸಂದರ್ಭ ಬರಲಿಲ್ಲ. ಎಡಗಡೆ ಮೀಸೆ ಮೇಲಕ್ಕೆ ತಿರುವೋರು, ಬಲಗಡೆ ತುಟಿ ಹತ್ತಿರ ಎತ್ತು ಗುಮ್ಮಿ ಹೊಲಿಗೆ ಬಿದ್ದಿತ್ತಂತೆ, ಆ ಕಡೆ ಮೀಸೆ ಇಳಿಬಿದ್ದೇ ಇರೋದು. ಎಡಗಣ್ಣಿನ ಕೆಳಗೆ ಒಂದು ಮಚ್ಚೆ.

“ನೀವ್ ಯಾರೂ ಯಾವತ್ತೂ ಹೇಳ್ಲಿಲ್ವಲ್ಲ” ಅಂದೆ.

“ನೀನ್ ಯಾವತ್ ಕೇಳ್ದೆ?” ಅಂದ್ರು ದೊಡ್ಡತ್ತೆ. “ಅವ್ವನೂ ಹೇಳಿದ್ದಲ್ಲ. ನಾನೇ ನೋಡ್ತಿದ್ದೆ. ಮದ್ವೆ ಆಗಿ ಹೋದ್ಮೇಲೆ ಬಂದಾಗೆಲ್ಲ ಹೊಲದ ತಾವ ಹೋಗಿ ನೋಡ್ಕಂಡ್ ಬತ್ತಿದ್ದೆ.”

ಅಪ್ಪ ಬಾಗಿಲ ಹತ್ತಿರ ನಿಂತಿದ್ರು. “ಅಕ್ಕಂಗೆ ಏನೋ ಒಂದು” ಅಂದ್ರು. “ಎಲ್ಲಾರ್ ಹೊಲದ ಮಡಕೆಗೂ ಮೀಸೆ ಇರ್ತದೆ.”

ಇರುತ್ತೆ, ನಿಜ. ಆಮೇಲೆ ನಾನೇ ಲೆಕ್ಕ ಹಾಕಿ ನೋಡಿದೆ, ಪಿರಿಯಾಪಟ್ಟಣದವರೆಗೆ ಬೈಕಲ್ಲಿ ಹೋಗಿ ಬರುವಾಗ ಕಂಡಿದ್ದ ಮಡಕೆಗಳಿಗೆಲ್ಲ ಮೀಸೆ ಇತ್ತು. ಆದರೆ ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಪ್ಪ ನನ್ನ ಹತ್ತಿರ ಬಂದು, “ಆ ಫೋಟೋ ನಂಗೂ ಒಂದ್ ಕಳ್ಸು” ಅಂದ್ರು. ಯಾವ ಫೋಟೋ ಅಂತ ನಾನು ಕೇಳಲಿಲ್ಲ. ಮಡಕೆಯದೇ ಕಳಿಸಿದೆ. ನೀಲಿ ಟಿಕ್ ಬಂತು. ಬೇರೆ ಏನೂ ಬರಲಿಲ್ಲ.

ನಾನು ಒರೆಸಿಹೋದ ಆ ನಾಲಿಗೆಯ ಬಗ್ಗೆ ಯೋಚಿಸ್ತಾ ಬಹಳ ಹೊತ್ತು ಎದ್ದಿದ್ದೆ. ಆರು ವರ್ಷದ ಹುಡುಗನ ಎದುರು, ಹದಿನಾಲ್ಕರ ಹುಡುಗಿಯ ಎದುರು, ಆಮೇಲೆ ನಮ್ಮೆಲ್ಲರ ಎದುರು, ಸುಮಾರು ಐವತ್ತು ಮುಂಗಾರು ಅಜ್ಜಿ ಅದನ್ನು ಬರೆದಿದ್ದಾಳೆ. ಪ್ರತಿ ವರ್ಷ ಮಳೆ ಅಳಿಸಿದೆ. ತನ್ನ ಮುಖ ಮಾತ್ರ ಯಾರಿಗೂ ಕೊಡಲಿಲ್ಲ.

ಅವಳು ಹೋದ ವರ್ಷದ ಮುಂಗಾರಲ್ಲಿ ಹೊಲಕ್ಕೆ ಯಾರೂ ಮಡಕೆ ಕಟ್ಟಿರಲಿಲ್ಲ. ಯಾರಿಗೂ ನೆನಪೇ ಆಗಿರಲಿಲ್ಲ. ಈ ಜೂನ್‌ನಲ್ಲಿ ಒಂದು ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋದೆ. ಗ್ಯಾಸ್ ಬಂದ ಮೇಲೆ ಮನೆಯಲ್ಲಿ ಮಸಿ ಹಿಡಿದ ಮಡಕೆ ಎಲ್ಲಿಂದ ಬರಬೇಕು. ಹಟ್ಟಿಯ ಅಟ್ಟದಲ್ಲಿ, ಹಳೇ ಸೊಪ್ಪಿನ ಕಡ್ಡಿಗಳ ಹಿಂದೆ, ಒಂದು ಸಿಕ್ಕಿತು. ಕಂಠದಲ್ಲಿ ಬಿರುಕು. ಅಜ್ಜಿ ಮುಂದಿನ ಸಲಕ್ಕೆ ಅಂತ ಎತ್ತಿಟ್ಟಿರಬೇಕು.

ಸುಣ್ಣ ಕಲಸಿ, ಮಡಕೆ ಬೋರಲು ಹಾಕಿ ಕೂತೆ. ಕಣ್ಣು ಬರೆದೆ. ಮೂಗು ಬರೆದೆ. ಮೀಸೆಗೆ ಬಂದಾಗ ಕೈ ನಿಂತಿತು. ನನಗೆ ಅಜ್ಜ ಗೊತ್ತಿಲ್ಲ, ನಾನು ಬರೆದರೆ ಅದು ಅಜ್ಜಿಯ ಕೈಯ ನಕಲಾಗುತ್ತೆ ಅಷ್ಟೇ. ಸ್ವಲ್ಪ ಹೊತ್ತು ಕೂತಿದ್ದು, ಮೂಗಿನ ಎರಡೂ ಕಡೆ ಬೆರಳಿಂದ ಒಂದೊಂದು ಬೊಟ್ಟು ಇಟ್ಟೆ. ಅಜ್ಜಿಗೆ ಎರಡೂ ಕಡೆ ಮೂಗುಬೊಟ್ಟಿತ್ತು. ಬಾಯಿಗೆ ಒಂದೇ ಗೀಟು, ಬಿಗಿಯಾಗಿ. ಕಿವಿ ದೊಡ್ಡದು. ಹಣೆಯ ಮೇಲೆ ಮೂರು ಸುಕ್ಕು, ಸ್ಟುಡಿಯೋದವನು ಅಳಿಸಿದ್ದವು.

ಹೋಲುತ್ತಾ? ಇಲ್ಲ. ಅಮ್ಮ ನೋಡಿ “ಗೂಬೆ ಇದ್ದಂಗದೆ” ಅಂದ್ರು. ತಂಗಿಗೆ ಫೋಟೋ ಕಳಿಸಿದೆ, ಅವಳು ಫೋನ್ ಮಾಡಿ ಏನೂ ಹೇಳದೆ ಸ್ವಲ್ಪ ಹೊತ್ತು ಸುಮ್ನಿದ್ದು, “ಆ ಬಾಯಿ” ಅಂದಳು.

ಅಪ್ಪ ಏನೂ ಅನ್ನಲಿಲ್ಲ. ಗಳ ತಂದು, ಮಡಕೆ ಸಿಕ್ಕಿಸಿ, ರಸ್ತೆ ಕಡೆಗೆ ಮುಖ ಮಾಡಿ ನೆಟ್ಟರು. ಆಮೇಲೆ ಏನೋ ನೆನಪಾದಂತೆ ಹಿಂದೆ ಬಂದು ಅದನ್ನು ಸ್ವಲ್ಪ ತಿರುಗಿಸಿದ್ರು, ಮನೆ ಕಡೆಗೂ ಕಾಣೋ ಹಾಗೆ.

ಭಾನುವಾರ ಸಂಜೆ ಜೋರು ಮಳೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗೋ ದಾರೀಲಿ ನೋಡಿದ್ರೆ ಬರೀ ಕರಿ ಮಡಕೆ. ಒಂದು ಕಣ್ಣು ಅರ್ಧ ಉಳಿದಿತ್ತು, ಬಾಕಿಯೆಲ್ಲ ಬಿಳಿ ನೀರಾಗಿ ಗಳದ ಉದ್ದಕ್ಕೂ ಇಳಿದಿತ್ತು. ಅಜ್ಜಿ ಬರೆದದ್ದು ಆಷಾಢ, ಶ್ರಾವಣ ದಾಟಿ ಗಣೇಶನ ಹಬ್ಬದವರೆಗೂ ಇರ್ತಿತ್ತು.

ಬೈಕ್ ಓಡಿಸ್ತಿದ್ದ ಅಪ್ಪ ನಿಲ್ಲಿಸದೆ, ತಿರುಗದೆ ಹೇಳಿದ್ರು: “ಸುಣ್ಣಕ್ಕೆ ಗಂಜಿ ಕಲಸ್ಬೇಕು. ಅವ್ವ ಕಲಸ್ತಿದ್ಲು. ಮುಂದಿನ್ ವಾರ ಬಾ.”